ಗಜಶೃಂಖಲಾ ಬಂಧಕ

ನಾನು ಕಳ್ಳನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಮುಂದೆ ಓದುತ್ತ ಹೋದಂತೆ ನಿಮಗೆ ಬೇರೆ ಅಭಿಪ್ರಾಯ ಬಂದರೂ ಬರಬಹುದು. (ನನ್ನ ಹೆಂಡತಿ ಕೋಮಲಳಿಗೆ ಆಗಲೇ ಬಂದಿದೆ.) ಕೊಳ್ಳೇಗಾಲದ ಹೈಸ್ಕೂಲೊಂದರಲ್ಲಿ ಇಪ್ಪತ್ತೊಂದು ವರ್ಷದಿಂದ ಸಮಾಜ ವಿಜ್ಞಾನ ಹೇಳಿಕೊಡುತ್ತಿರುವ ಕುಮಾರಸ್ವಾಮಿ ಮೇಷ್ಟರು ಎಂದರೆ ಪೇಟೆಯಲ್ಲಿ ನಾಲ್ಕು ಜನ ನಮಸ್ಕಾರ ಹೇಳುತ್ತಾರೆ. ಮನೆಯಲ್ಲಿ ಮಾತ್ರ ನನ್ನ ವಿದ್ವತ್ತಿಗೆ ಮೂರು ಕಾಸಿನ ಬೆಲೆಯಿಲ್ಲ. ಊಟಕ್ಕೆ ಕೂತು ಗಂಗರ ಕಾಲದ ಕೆರೆಗಳ ವಿಷಯ ತೆಗೆದರೆ ಕೋಮಲ ಸಾರಿನ ಸೌಟನ್ನು ಎತ್ತಿ ಹಿಡಿದು, ಮೊದಲು ಬಚ್ಚಲುಮನೆಯ ನಲ್ಲಿ ಸೋರುವುದನ್ನು ನಿಲ್ಲಿಸಿ ಎನ್ನುತ್ತಾಳೆ.

ಇಂಥ ಮನೆಯಲ್ಲಿ ಬದುಕುವವನಿಗೆ ಒಂದು ಅವಕಾಶ ಬಂತು. ನಮ್ಮ ಶಾಲೆಯಲ್ಲಿ ಹಳೆಯ ವಸ್ತುಗಳ ಪ್ರದರ್ಶನ ಎಂದು ತೀರ್ಮಾನವಾಗಿ, ಉಸ್ತುವಾರಿ ನನ್ನ ತಲೆಗೆ ಬಿತ್ತು. ಎಲ್ಲರೂ ಒನಕೆ, ಸೇರು, ಬೀಸುವ ಕಲ್ಲು ಎಂದು ಪಟ್ಟಿ ಕೊಟ್ಟರು. ನನಗೆ ಬೇಕಾಗಿದ್ದು ಯಾರೂ ಕಂಡಿರದ, ಕೇಳಿರದ ಒಂದು ವಸ್ತು.

ಅದು ಸಿಕ್ಕಿದ್ದು ಮುಳ್ಳೂರಿನಲ್ಲಿ, ನನ್ನ ಮಾವ ಚಿಕ್ಕಸಿದ್ದಯ್ಯನವರ ಗದ್ದೆಯಲ್ಲಿ. ಭಾನುವಾರ ಊಟ ಮುಗಿಸಿ ಒಬ್ಬನೇ ಗದ್ದೆಯ ಕಡೆ ಹೋದವನು ನೀರೆತ್ತುವ ಎಂಜಿನ್ನಿನ ಮನೆಯೊಳಗೆ ಇಣುಕಿದೆ. ಗೋಡೆಯ ಗೂಟದಲ್ಲಿ ಅದು ನೇತಾಡುತ್ತಿತ್ತು. ಮೊಳದುದ್ದದ ಕಬ್ಬಿಣ, ಎರಡು ಕಡೆ ಬಾಗಿದ್ದು, ಒಂದು ತುದಿಯಲ್ಲಿ ಎಂಟು ಮೂಲೆಯ ತೂತು, ಇನ್ನೊಂದು ತುದಿಯಲ್ಲಿ ಕಾಗೆಯ ಕೊಕ್ಕಿನಂಥ ಎರಡು ಹಲ್ಲು, ಹಿಡಿಯ ಮೇಲೆ ಸಾಲಾಗಿ ಐದು ಕಚ್ಚು. ಮೈತುಂಬ ಎಣ್ಣೆಯ ಜಿಡ್ಡು, ಅದರ ಮೇಲೆ ಮೂರು ಬೆರಳಿನ ವಿಭೂತಿ. ಸ್ಪ್ಯಾನರು ಎಂಬ ಕ್ಷುಲ್ಲಕ ಶಬ್ದ ನನ್ನ ತಲೆಗೆ ಹೊಳೆಯಲೇ ಇಲ್ಲ. ಎಂಜಿನ್ನಿನ ಪಕ್ಕದಲ್ಲೇ ನೇತಾಡುತ್ತಿದ್ದರೂ ಹೊಳೆಯಲಿಲ್ಲ. ಹೆಚ್ಚು ಓದಿದವನ ಲಕ್ಷಣ ಅದೇ ತಾನೇ? ಅತ್ತೆ ಕೊಟ್ಟಿದ್ದ ತೆಂಗಿನಕಾಯಿಯ ಚೀಲಕ್ಕೆ ಅದನ್ನು ಸೇರಿಸಿದೆ. ಆಮೇಲೆ ಹೇಳಿದರಾಯಿತು, ಮಾವನ ಮನೆಯಿಂದ ಅಳಿಯ ಒಂದು ಕಬ್ಬಿಣದ ತುಂಡು ತಂದರೆ ಯಾವ ಸೆಕ್ಷನ್ನಿಗೆ ಬರುತ್ತದೆ ಎಂದುಕೊಂಡೆ.

ಕೋಮಲ ಕೇಳಿದಾಗ ಮಾತ್ರ ಯಳಂದೂರಿನ ಗುಜರಿ ಅಂಗಡಿಯಿಂದ ತಂದೆ ಎಂದುಬಿಟ್ಟೆ. ತೌರಿನದು ಎಂದು ಗೊತ್ತಾದರೆ ಕೀರ್ತಿಯ ಅರ್ಧ ಪಾಲು ಅವಳಪ್ಪನಿಗೆ ಹೋಗುತ್ತಿತ್ತು. ಅವಳು ಹುಟ್ಟಿದಾಗಿನಿಂದ ಆ ಎಂಜಿನ್ನಿನ ಮನೆಯ ಹೊಸ್ತಿಲು ದಾಟಿದವಳಲ್ಲ, ಆದ್ದರಿಂದ ಗುರುತು ಸಿಗುವ ಭಯವಿರಲಿಲ್ಲ. ಎರಡು ದಿನ ಅವಳ ಹುಣಸೆಹಣ್ಣನ್ನೆಲ್ಲ ಮುಗಿಸಿ ಅದನ್ನು ಉಜ್ಜಿ ಬೆಳಗಿದೆ. ಆ ಎರಡು ದಿನ ನಮ್ಮ ಮನೆಯಲ್ಲಿ ಸಾರಿಗೆ ಹುಳಿಯಿರಲಿಲ್ಲ, ಮಾತಿಗೆ ಮಾತ್ರ ಬೇಕಾದಷ್ಟಿತ್ತು.

ಮೂರನೆಯ ದಿನ ನನಗೆ ಜ್ಞಾನೋದಯವಾಯಿತು. ಬಿಳಿಗಿರಿರಂಗನ ಬೆಟ್ಟದ ತಪ್ಪಲಿನಲ್ಲಿ ಬ್ರಿಟಿಷರ ಕಾಲದಲ್ಲಿ ಖೆಡ್ಡಾ ಮಾಡಿ ಆನೆ ಹಿಡಿಯುತ್ತಿದ್ದರಲ್ಲ, ಆ ಆನೆಗಳ ಕಾಲಿನ ಸರಪಳಿ ಬಿಗಿಯುವ ಸಾಧನವೇ ಇದು. ಹಿಡಿಯ ಮೇಲಿನ ಐದು ಕಚ್ಚು ಎಂದರೆ ಸೆರೆಸಿಕ್ಕ ಐದು ಆನೆಗಳ ಲೆಕ್ಕ. ಕೂಡಲೇ ದಪ್ಪ ರಟ್ಟಿನ ಮೇಲೆ 'ಗಜಶೃಂಖಲಾ ಬಂಧಕ' ಎಂದು ಬರೆದು, ಕೆಳಗೆ ಇಷ್ಟನ್ನೂ ವಿವರಿಸಿ, ಪ್ರದರ್ಶನದ ದಿನದವರೆಗೆ ಇರಲಿ ಎಂದು ಕೆಂಪು ಮಖಮಲ್ ಹಾಸಿ ನಮ್ಮ ಮನೆಯ ಶೋಕೇಸಿನಲ್ಲಿಟ್ಟೆ. ಕೋಮಲ ಸೊಂಟದ ಮೇಲೆ ಕೈಯಿಟ್ಟು ಬಹಳ ಹೊತ್ತು ನೋಡಿದಳು.

"ಆನೆ ಕಾಲಿಗೆ ಇಷ್ಟು ಸಣ್ಣ ತೂತಾ? ಇಲಿ ಕಾಲಿಗಾದ್ರೆ ಸರಿಯಾಗ್ತದೆ ಕಣ್ರಿ" ಎಂದಳು.

ತೂತು ಸರಪಳಿಯ ಕೊಂಡಿಗೆ, ಕಾಲಿಗಲ್ಲ ಎಂದು ವಿವರಿಸಿದೆ. ಅಜ್ಞಾನಿಗಳ ಜೊತೆ ವಾದ ಮಾಡಬಾರದು ಎಂದು ತಿಳಿದವರು ಹೇಳಿದ್ದಾರೆ, ಆದರೂ ಮುಕ್ಕಾಲು ಗಂಟೆ ಮಾಡಿದೆ.

ಅದೇ ವಾರ ಮಾವನ ಫೋನು ಬಂತು. ಎಂಜಿನ್ನಿನ ಸ್ಪ್ಯಾನರು ಕಾಣೆಯಾಗಿದೆಯಂತೆ. ಅವರಪ್ಪನ ಕಾಲದ ಎಂಜಿನ್ನು, ಅದರ ನಟ್ಟಿಗೆ ಈಗಿನ ಯಾವ ಸ್ಪ್ಯಾನರೂ ಕೂರುವುದಿಲ್ಲ, ಎಂಜಿನ್ನು ನಿಂತೇ ಇದೆಯಂತೆ. ಅದನ್ನು ಇಪ್ಪತ್ತು ವರ್ಷದಿಂದ ನಡೆಸುತ್ತಿರುವವನು ಗದ್ದೆಯ ಆಳು ಪುಟ್ಟಮಾದಪ್ಪ. ಅವನೇ ಗುಜರಿಗೆ ಹಾಕಿ ಕುಡಿದಿದ್ದಾನೆ ಎಂದು ಊರಲ್ಲಿ ಮಾತು ಹುಟ್ಟಿತ್ತು. ಮಾವ ಅದನ್ನು ನಂಬಿರಲಿಲ್ಲ. ನಾನು, ವಿದ್ಯಾವಂತ ಅಳಿಯ, ಆಳುಗಳನ್ನು ಅಷ್ಟೊಂದು ನಂಬಬಾರದು ಮಾವ ಎಂದು ಬುದ್ಧಿ ಹೇಳಿದೆ. ಈಗ ಇದನ್ನು ಬರೆಯುವಾಗಲೂ ನನ್ನ ಕಿವಿ ಬಿಸಿಯಾಗುತ್ತದೆ.

ಸೋಮವಾರ ಬೆಟ್ಟದ ದೇವರು ಮಾದಪ್ಪನ ವಾರ. ಕದ್ದವನ ಮೇಲೆ ಮಾದಪ್ಪನ ಹೆಸರಲ್ಲಿ ಮುಡುಪು ಕಟ್ಟುತ್ತೇನೆ ಎಂದು ಅತ್ತೆ ಚಿಕ್ಕಮಾದಮ್ಮ ನಮ್ಮನ್ನೂ ಕರೆಸಿದರು. ಅರಿಶಿನದ ಬಟ್ಟೆಯಲ್ಲಿ ಕಾಸಿಟ್ಟು ಗಂಟು ಹಾಕುವಾಗ ಏನು ಬೇಡಿಕೊಳ್ಳಬೇಕೆಂದು, ಓದಿದವರು ನೀವೇ ಹೇಳಿಕೊಡಿ ಎಂದರು. ನಾನು ಗಂಟಲು ಸರಿಮಾಡಿಕೊಂಡು, ಈ ವಸ್ತುವನ್ನು ಅಪಹರಿಸಿದ ದುರುಳನಿಗೆ ಅನ್ನ ರುಚಿಸದಿರಲಿ, ನಿದ್ರೆ ಹತ್ತದಿರಲಿ, ನಾಲ್ಕು ಜನರ ಮುಂದೆ ಅವನ ಮೋರೆ ಕಪ್ಪಾಗಲಿ ಎಂದು ಸರಾಗವಾಗಿ ಹೇಳಿಕೊಟ್ಟೆ. ಪುಟ್ಟಮಾದಪ್ಪ ಜಗಲಿಯ ಕೆಳಗೆ ಟವೆಲನ್ನು ಕಂಕುಳಲ್ಲಿಟ್ಟುಕೊಂಡು ನಿಂತಿದ್ದ.

"ಕಟ್ಟಿ ಅವ್ವ. ನಾನು ಮುಟ್ಟಿದ್ರೆ ನನ್ ಕಣ್ಣು ಓಗ್ಲಿ. ಮಾದಪ್ಪ ನೋಡ್ಕತಾನೆ" ಎಂದು ಹೇಳಿ ಹೊರಟುಹೋದ. ಮಾರನೆಯ ದಿನದಿಂದ ಕೆಲಸಕ್ಕೆ ಬರಲಿಲ್ಲ.

ನಿಜ ಹೇಳಿಬಿಡುತ್ತೇನೆ. ಬಸ್ಸಿನಲ್ಲಿ ವಾಪಸು ಬರುವಾಗ ಎಂಜಿನ್ನಿನ ಮನೆಯ ಆ ಗೂಟ ನೆನಪಿಗೆ ಬಂತು. ಆ ಸ್ಪ್ಯಾನರು ಹೇಗಿತ್ತು, ಎಲ್ಲಿತ್ತು ಎಂದು ಮಾವನನ್ನು ಒಂದು ಮಾತು ಕೇಳಿದ್ದರೆ ತಿಳಿಯುತ್ತಿತ್ತು. ನಾನು ಕೇಳಲಿಲ್ಲ. ಅವರದು ಸ್ಪ್ಯಾನರು, ನನ್ನದು ಗಜಶೃಂಖಲಾ ಬಂಧಕ, ಎರಡಕ್ಕೂ ಸಂಬಂಧವಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಪ್ರದರ್ಶನದ ಹಿಂದಿನ ದಿನ ಬೆಳಿಗ್ಗೆ ಪುಟ್ಟಮಾದಪ್ಪ ನಮ್ಮ ಮನೆಗೇ ಬಂದ. ಕೆಲಸ ಬಿಟ್ಟಿದ್ದರೂ ಎಂಜಿನ್ನು ನಿಂತಿದ್ದನ್ನು ನೋಡಲಾರದೆ, ಕೊಳ್ಳೇಗಾಲದ ವರ್ಕ್‌ಶಾಪಿನಲ್ಲಿ ಅಂಥದೇ ಸ್ಪ್ಯಾನರು ಮಾಡಿಸಲಾದೀತೇ ಎಂದು ವಿಚಾರಿಸಲು ಬಂದಿದ್ದನಂತೆ. ಹೇಗೂ ಹೋಗುತ್ತೀಯಲ್ಲ ಎಂದು ಅತ್ತೆ ನುಗ್ಗೇಕಾಯಿ ಕೊಟ್ಟು ಕಳಿಸಿದ್ದರು. ಕೋಮಲ ಕಾಫಿ ತರಲು ಒಳಗೆ ಹೋದಳು. ಅವನ ಕಣ್ಣು ಶೋಕೇಸಿನ ಮೇಲೆ ಬಿತ್ತು. ಎದ್ದು ಹೋಗಿ ಅದನ್ನು ಎತ್ತಿಕೊಂಡು, ಐದು ಕಚ್ಚುಗಳ ಮೇಲೆ ಬೆರಳಾಡಿಸಿದ. ಬೆರಳುಗಳು ಅಲ್ಲಿ ತಾವಾಗಿ ಕೂತವು.

"ಸಾ, ಇದು ನಮ್ ಎಂಜಿನ್ನುದು. ಎಣ್ಣೆ ಕೈ ಜಾರ್ತದೆ ಅಂತ ಈ ಕಚ್ಚು ನಾನೇ ಆಕಿದ್ದು. ಎಲ್ಲಿ ಸಿಕ್ತು ಸಾ?"

ಕಾಫಿ ಹಿಡಿದು ಬಂದ ಕೋಮಲ, ಯಳಂದೂರಿನ ಗುಜರಿಯಲ್ಲಿ ಎಂದು ನನ್ನ ಪರವಾಗಿ ಉತ್ತರ ಕೊಟ್ಟಳು. ಪುಟ್ಟಮಾದಪ್ಪನ ಮುಖ ಅರಳಿದ್ದನ್ನು ನಾನು ಸಾಯುವ ತನಕ ಮರೆಯಲಾರೆ.

"ಅಂಗಾದ್ರೆ ಕದ್ದವ ಅಲ್ಲೇ ಮಾರವ್ನೆ. ನಡೀರಿ ಸಾ, ಆ ಗುಜರಿಯವನ್ನ ಕೇಳ್ಮ. ಯಾರು ತಂದ್ಕೊಟ್ರು ಅಂತ ಅವ್ನು ಒಂದ್ಮಾತು ಏಳ್ಬುಟ್ರೆ ನನ್ ಮೇಲಿನ ಮಾತು ಓಯ್ತದೆ."

ಕೋಮಲ ಆಗಲೇ ಚಪ್ಪಲಿ ಮೆಟ್ಟುತ್ತಿದ್ದಳು. ನಾನು ಇಂದು ಗುಜರಿಗೆ ರಜೆ ಎಂದೆ. ನಾಳೆ ಹೋಗೋಣ ಎಂದಳು. ಆ ಅಂಗಡಿಯವನು ಹನೂರಿಗೆ ಹೊರಟುಹೋದ ಎಂದೆ. ಹನೂರಿಗೂ ಬಸ್ಸಿದೆ ಎಂದಳು. ಇನ್ನು ಅವನನ್ನು ಸಾಯಿಸುವುದೊಂದೇ ಬಾಕಿ ಇತ್ತು. ಇಲ್ಲದ ಮನುಷ್ಯನನ್ನು ಎಷ್ಟು ದೂರ ಓಡಿಸಲಿ? ಕುರ್ಚಿಯಲ್ಲಿ ಕುಸಿದು ಕೂತು, ಎಂಜಿನ್ನಿನ ಮನೆಯ ಗೂಟದಿಂದ ಹಿಡಿದು ತೆಂಗಿನಕಾಯಿಯ ಚೀಲದವರೆಗೆ ಎಲ್ಲವನ್ನೂ ಹೇಳಿದೆ. ಹೇಳುವಷ್ಟು ಹೊತ್ತೂ ನೆಲವನ್ನೇ ನೋಡುತ್ತಿದ್ದೆ.

ಮೊದಲು ಮಾತಾಡಿದವನು ಪುಟ್ಟಮಾದಪ್ಪ. ಕಾಲುವೆಯಲ್ಲಿ ಬಿದ್ದಿತ್ತು, ನನಗೇ ಸಿಕ್ಕಿತು ಎಂದು ಊರಲ್ಲಿ ಹೇಳುತ್ತೇನೆ, ಮನೆಯ ಅಳಿಯಂದಿರ ಮಾನ ಹೋಗುವುದು ಬೇಡ ಎಂದ. ಆ ಮಾತಿಗೆ ನನ್ನ ಜೀವ ಒಂದು ಗಳಿಗೆ ಹಗುರಾಯಿತು. ಕದ್ದಿದ್ದಕ್ಕಿಂತ ಆ ಒಂದು ಗಳಿಗೆಗೆ ನನಗೆ ಹೆಚ್ಚು ನಾಚಿಕೆಯಿದೆ.

"ನೀನು ಸುಮ್ನಿರು ಪುಟ್ಟಮಾದಣ್ಣ" ಎಂದಳು ಕೋಮಲ. "ನಿನ್ ಮಾನ ಏನು ಬಿಟ್ಟಿ ಬಂದಿತ್ತಾ? ಇವ್ರೇ ಬಂದು ಜಗಲಿ ಮೇಲೆ ನಿಂತು ಹೇಳ್ಲಿ."

ಹೇಳಿದೆ. ಮುಳ್ಳೂರಿನ ಜಗಲಿಯ ಮೇಲೆ ನಿಂತು, ಅಕ್ಕಪಕ್ಕದ ಮನೆಯವರೆಲ್ಲ ಇದ್ದಾಗ, ತರಗತಿಯಲ್ಲಿ ಬರುವ ಸ್ವರದ ಕಾಲು ಭಾಗದಲ್ಲಿ ಹೇಳಿದೆ. ಹಿಂದೆ ನಿಂತವರು ಕೇಳಿಸಲಿಲ್ಲ ಎಂದರು, ಇನ್ನೊಂದು ಸಲ ಹೇಳಿದೆ. ಪುಟ್ಟಮಾದಪ್ಪನ ಕೈ ಹಿಡಿದು ತಪ್ಪಾಯಿತು ಎಂದಾಗ ಅವನೇ ಸಂಕೋಚದಿಂದ ಕೈ ಬಿಡಿಸಿಕೊಂಡ. ಮಾವ ಸ್ಪ್ಯಾನರನ್ನು ಅವನ ಕೈಗಿಟ್ಟರು. ಹತ್ತು ನಿಮಿಷದಲ್ಲಿ ಗದ್ದೆಯ ಕಡೆಯಿಂದ ಎಂಜಿನ್ನಿನ ಸದ್ದು ಕೇಳಿಸಿತು. ಅತ್ತೆ ಮಾತ್ರ ಮುಡುಪಿನ ಗಂಟನ್ನು ಹಿಡಿದುಕೊಂಡು ಅಳುತ್ತಿದ್ದರು. ಸ್ವಂತ ಅಳಿಯನಿಗೇ ಶಾಪ ಹಾಕಿಬಿಟ್ಟೆನಲ್ಲ ಎಂಬ ಸಂಕಟ ಅವರಿಗೆ. ಕಟ್ಟಿದ ಮುಡುಪನ್ನು ಮನೆಯಲ್ಲಿ ಬಿಚ್ಚುವಂತಿಲ್ಲ, ವಸ್ತು ತೆಗೆದುಕೊಂಡವನೇ ಅದನ್ನು ಮಾದಪ್ಪನ ಬೆಟ್ಟಕ್ಕೆ ಹೊತ್ತು ತಪ್ಪೊಪ್ಪಿಕೊಂಡು ಹುಂಡಿಗೆ ಹಾಕಬೇಕು. ನಾನು ಬರಿಗಾಲಲ್ಲಿ ನಡೆದುಹೋಗಿ ಹಾಕಿ ಬಂದೆ. ಅನ್ನ ರುಚಿಸದ, ನಿದ್ರೆ ಹತ್ತದ ಭಾಗವಂತೂ ಅಷ್ಟರಲ್ಲೇ ಅಕ್ಷರಶಃ ನಡೆದುಹೋಗಿತ್ತು.

ಮುಂದಿನ ತಿಂಗಳು ಮಾವನ ಮನೆಗೆ ಹೋದಾಗ ಎಲ್ಲರೂ ಮೊದಲಿನಂತೆಯೇ ಉಪಚರಿಸಿದರು. ಸಂಜೆ ಗದ್ದೆಯ ಕಡೆ ಹೋದೆ. ಎಂಜಿನ್ನಿನ ಮನೆಯ ಮುಂದೆ ಪುಟ್ಟಮಾದಪ್ಪ ಹೊಸ ಬೀಗವೊಂದನ್ನು ಹಾಕುತ್ತಿದ್ದ. ಇಷ್ಟು ವರ್ಷ ಆ ಬಾಗಿಲಿಗೆ ಬೀಗ ಎಂಬುದೇ ಇರಲಿಲ್ಲ. ನನ್ನನ್ನು ಕಂಡು ಅವನ ಮುಖ ಸಣ್ಣದಾಯಿತು.

"ಬೇಜಾರಾಗ್ಬೇಡಿ ಸಾ. ದಿನಾ ಆಕಲ್ಲ. ನೀವು ಬಂದ್ ದಿವ್ಸ ಮಾತ್ರ ಆಕು ಅಂತ ಯಜಮಾನ್ರು ಏಳವ್ರೆ."

ನಾನು ತಲೆ ತಗ್ಗಿಸಿ, ಸರಿಯಾಗಿ ಬಿದ್ದಿದೆಯೇ ಒಂದು ಸಲ ಎಳೆದು ನೋಡಪ್ಪ ಎಂದೆ.