ಬಿಚ್ಚಿ ನೋಡಿದ ಹಾಸಿಗೆ

ಕೊಂಡ ವಸ್ತು ಸರಿಯಿಲ್ಲವೆಂದು ಗೊತ್ತಾದ ಮೇಲೂ ಅದನ್ನು ಅಟ್ಟಕ್ಕೆಸೆದು, 'ನಮ್ಮ ಹಣೆಬರಹ' ಎಂದು ನಿಟ್ಟುಸಿರು ಬಿಡುವ ಮಂದಿ ಲೋಕದಲ್ಲಿ ಕೋಟ್ಯಂತರ ಇದ್ದಾರೆ. ನಾನು ಆ ಪೈಕಿಯಲ್ಲ! ನಾನು ಗ್ರಾಹಕ. ಹಕ್ಕುಳ್ಳ ಗ್ರಾಹಕ. ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಕೂತು, ಊರವರ ದೂರುಗಳನ್ನೆಲ್ಲ ನಯವಾಗಿ ಸಾಗಹಾಕುವ ವಿದ್ಯೆಯಲ್ಲಿ ಪಳಗಿದವನು. ದೂರನ್ನು ಸಾಗಹಾಕಬಲ್ಲವನಿಗೆ ದೂರು ಕೊಡಲು ಬಾರದೇ? ಕಚೇರಿಯಲ್ಲಿ ನನಗೆ 'ಹಕ್ಕಪ್ಪ' ಎಂಬ ಬಿರುದೇ ಇದೆ. ನಾನು ಎದ್ದು ಹೋದ ಮೇಲೆ ಹಾಗೆ ಕರೆಯುತ್ತಾರೆ, ಗೌರವದಿಂದಲೇ ಇರಬೇಕು.

ನನ್ನ ಹೆಂಡತಿ ಔಷಧಿ ಅಂಗಡಿಯಲ್ಲಿ ದಿನವಿಡೀ ನಿಂತು ಕೆಲಸ ಮಾಡುವವಳು. ಊರವರ ಸೊಂಟನೋವಿಗೆಲ್ಲ ಮಾತ್ರೆ ಕೊಟ್ಟೂ ಕೊಟ್ಟೂ ಕೊನೆಗೆ ನೋವು ಅವಳ ಸೊಂಟಕ್ಕೇ ಬಂದು ಕೂತಿತು. "ಮಾತ್ರೆ ಸಾಕು, ಮೊದಲು ಹಾಸಿಗೆ ಬದಲಾಯಿಸಿ" ಎಂದರು ಡಾಕ್ಟರು. ಅವರು ಇನ್ನೊಂದು ಮಾತನ್ನೂ ಹೇಳಿದರಂತೆ, ಗಟ್ಟಿ ಹಾಸಿಗೆಯೇ ಆಗಬೇಕು ಎಂದು. ಅಷ್ಟು ಹೊತ್ತಿಗೆ ನಾನು ಅಲ್ಲೇ ಕೂತು ಫೋನಿನಲ್ಲಿ ಹಾಸಿಗೆ ಹುಡುಕಲು ಶುರು ಮಾಡಿಬಿಟ್ಟಿದ್ದೆ.

'ಮೋಡದ ಮೇಲೆ ಮಲಗಿದಂತೆ' ಎಂದಿತ್ತು ಜಾಹೀರಾತು. ಕಟ್ಟಿಕೊಂಡ ಹೆಂಡತಿಗೆ ಮೋಡಕ್ಕಿಂತ ಕಡಿಮೆಯದನ್ನು ಕೊಡಿಸುವ ಗಂಡನೇ ನಾನು? ಕೊಳ್ಳುವ ಗುಂಡಿ ಒತ್ತಿಯೇಬಿಟ್ಟೆ.

ಬಂದದ್ದು ದಿಂಬಿನಷ್ಟು ದಪ್ಪದ ಒಂದು ಉದ್ದನೆಯ ಸುರುಳಿ. ಇಷ್ಟರೊಳಗೆ ಇಬ್ಬರು ಮಲಗುವ ಹಾಸಿಗೆ ಇದೆಯೆಂದರೆ ಯಾರು ನಂಬುತ್ತಾರೆ? ಕತ್ತರಿ ತಂದು ಪ್ಲಾಸ್ಟಿಕ್ಕಿಗೆ ಒಂದು ಗೀರು ಹಾಕಿದೆ. 'ಫುಸ್ಸ್' ಎಂದು ಅದು ಉಸಿರೆಳೆಯಿತು! ಮೂಲೆಯೊಂದು ಮೆಲ್ಲಗೆ ತಲೆಯೆತ್ತಿತು. ಆಮೇಲೆ ಹೊಟ್ಟೆ ಉಬ್ಬಿತು. ನಾವು ನೋಡುನೋಡುತ್ತಿದ್ದಂತೆ ಅದು ಹೊರಳಿ, ಮೈಮುರಿದು, ಕುರ್ಚಿಯನ್ನು ಪಕ್ಕಕ್ಕೆ ತಳ್ಳಿ, ಬೀರುವಿನ ಬಾಗಿಲಿಗೆ ಅಡ್ಡವಾಗಿ ನಿಂತಿತು. 'ಹಾಸಿಗೆ ಇದ್ದಷ್ಟು ಕಾಲು ಚಾಚು' ಎಂದು ಹಿರಿಯರು ಹೇಳಿದ್ದಾರೆ. ಹಾಸಿಗೆಯೇ ಕಾಲು ಚಾಚಿದರೆ ಏನು ಮಾಡಬೇಕೆಂದು ಯಾರೂ ಹೇಳಿಲ್ಲ.

ನಮ್ಮ ಅತ್ತೆ ಪಕ್ಕದ ಕೋಣೆಯಿಂದ ಕನ್ನಡಕ ಹಾಕಿಕೊಂಡು ಬಂದು, ಬಾಗಿಲಲ್ಲೇ ನಿಂತುಬಿಟ್ಟರು. "ಅಳಿಯಂದ್ರೇ, ಇದಕ್ಕೆ ಜೀವ ಇದೆಯಾ?" ಎಂದು ಕೇಳಿದರು. ನನಗೂ ಅದೇ ಅನುಮಾನವಿತ್ತು. ಆದರೆ ಅಳಿಯನಾದವನು ಹಾಗೆಲ್ಲ ಒಪ್ಪಿಕೊಳ್ಳುವಂತಿಲ್ಲ.

ಹೆಂಡತಿ ಮಲಗಿದಳು. ಮಲಗಿದವಳು ಕಾಣಿಸಲೇ ಇಲ್ಲ. ಒಳಗಿನಿಂದ ಬರೀ ದನಿ ಬಂತು.

"ರೀ, ನನ್ನ ಸೊಂಟ ಎಲ್ಲಿದೆ ಅಂತಾನೇ ಗೊತ್ತಾಗ್ತಿಲ್ಲ."

"ನೋಡಿದ್ಯಾ? ನೋವು ಮಾಯ!" ಎಂದೆ ಬೀಗುತ್ತಾ.

"ನೋವು ಇಲ್ಲೇ ಇದೆ. ಸೊಂಟ ಸಿಕ್ತಿಲ್ಲ."

ಎರಡೂ ಕೈ ಹಿಡಿದು ಎಳೆದು ಹೊರಗೆ ತೆಗೆದೆ. ಅವಳು ಸೊಂಟ ಹಿಡಿದುಕೊಂಡು ಗೋಡೆಗೊರಗಿ, "ಡಾಕ್ಟ್ರು ಗಟ್ಟಿ ಅಂದಿದ್ರು" ಎಂದಳು, ಅಷ್ಟೆ. ಬೈದಿದ್ದರೆ ಚೆನ್ನಾಗಿತ್ತು. ನನಗೆ ನಿಜವಾಗಿ ಸಂಕಟವಾಯಿತು. ಈ ಮೋಡ ವಾಪಸ್ಸು ಹೋಗಬೇಕು, ಆ ಹಣದಲ್ಲೇ ಗಟ್ಟಿ ಹಾಸಿಗೆ ಬರಬೇಕು, ಇಲ್ಲದಿದ್ದರೆ ನನ್ನ ಹೆಸರು ಹಕ್ಕಪ್ಪನೇ ಅಲ್ಲ ಎಂದು ಶಪಥ ಮಾಡಿದೆ. ಅದು ಹೇಗೂ ನನ್ನ ಹೆಸರಲ್ಲ, ಆ ಮಾತು ಬೇರೆ.

ಕಂಪನಿಗೆ ಫೋನ್ ಹಚ್ಚಿದೆ. ಆ ಕಡೆಯ ಹೆಣ್ಣುಮಗಳು, ಬಿಚ್ಚಿದ ಮಾಲನ್ನು ವಾಪಸ್ಸು ತೆಗೆದುಕೊಳ್ಳುವುದು ಕಷ್ಟ ಎಂದು ರಾಗ ಎಳೆದಳು. ದೂರು ಸಾಗಹಾಕುವ ಆ ರಾಗ ನನಗೆ ಗೊತ್ತಿಲ್ಲವೇ? ದಿನಾ ನಾನೇ ಹಾಡುವುದು! "ನೋಡಮ್ಮಾ, ಬಿಚ್ಚುವುದು ಬೇರೆ, ಬಳಸುವುದು ಬೇರೆ. ಅಂಗಡಿಯಲ್ಲಿ ಮುಟ್ಟಿ, ಒತ್ತಿ, ಕೂತು ನೋಡುವಷ್ಟನ್ನು ಮನೆಯಲ್ಲಿ ಬಿಚ್ಚಿ ನೋಡುವುದು ಗ್ರಾಹಕನ ಹಕ್ಕು" ಎಂದು ಆರಂಭಿಸಿ, ಅವಳು ಸುಸ್ತಾಗುವವರೆಗೂ ಬಿಡಲಿಲ್ಲ. ಕೊನೆಗೆ ಒಪ್ಪಿದಳು. ವಾಪಸ್ಸು ಕೊಡುವ ಗಡುವಿನ ಕೊನೆಯ ದಿನ ಅವರ ಮನುಷ್ಯ ಬರುತ್ತಾನೆ. ಬಂದ ಹಾಗೆಯೇ ಸುತ್ತಿ ಕಟ್ಟಿರಬೇಕು. ಯಾರೂ ಬಳಸಿರಬಾರದು. ಗೆದ್ದೆ ಎಂದು ಮೀಸೆಯ ಮೇಲೆ ಕೈಯಾಡಿಸಿಕೊಂಡೆ. ಸುತ್ತಿ ಕಟ್ಟುವುದೇನು ಮಹಾ ವಿದ್ಯೆ?

ಇಲ್ಲಿ ಅತ್ತೆಯವರ ವಿಷಯ ಸ್ವಲ್ಪ ಹೇಳಬೇಕು. ಅವರು ನಮ್ಮ ಮನೆಗೆ ಬಂದು ಇರತೊಡಗಿದಾಗ ತಮ್ಮ ಹಳೇ ಹತ್ತಿ ಹಾಸಿಗೆಯನ್ನೂ ಜೊತೆಗೆ ತಂದಿದ್ದರು. ಅದರ ಹತ್ತಿ ಗಂಟುಕಟ್ಟಿ, ಒಣಗಿ, ಎಂದೋ ಕಲ್ಲಾಗಿ ಹೋಗಿತ್ತು. ಬಂದಾಗಿನಿಂದ ಅವರಿಗೆ ನಿದ್ದೆಯಿಲ್ಲ. "ನಿದ್ದೆಗೆ ಈ ಮನೆ ವಿಳಾಸವೇ ಗೊತ್ತಿಲ್ಲ ಕಣೇ" ಎಂದು ಬೆಳಗಾದರೆ ಮಗಳ ಮುಂದೆ ಹೇಳುವರು. ಮಗಳು ಅಂಗಡಿಯಲ್ಲಿದ್ದುದನ್ನೆಲ್ಲ ಡಾಕ್ಟರನ್ನು ಕೇಳಿ ಕೇಳಿ ಕೊಟ್ಟು ನೋಡಿದಳು. ಹೊಸ ಹಾಸಿಗೆ ತರೋಣವೆಂದರೆ, "ಈ ವಯಸ್ಸಲ್ಲಿ ನಂಗ್ಯಾಕೆ ಶೋಕಿ" ಎಂದು ಬಾಯಿ ಮುಚ್ಚಿಸುವರು. ತಾಯಿಯ ಕಣ್ಣ ಕೆಳಗಿನ ಕಪ್ಪು ನೋಡಿ ನನ್ನವಳು ತನ್ನ ಸೊಂಟವನ್ನೂ ಮರೆತು ಕೊರಗುತ್ತಿದ್ದಳು.

ಕೊನೆಯ ದಿನ ಬಂತು. ಮಧ್ಯಾಹ್ನ ಊಟವಾದ ಮೇಲೆ ತೋಳು ಮಡಚಿ ಯುದ್ಧಕ್ಕಿಳಿದೆ. ಒಂದು ತುದಿ ಸುತ್ತಿದರೆ ಇನ್ನೊಂದು ಏಳುತ್ತದೆ. ಅದರ ಮೇಲೆ ಮಂಡಿಯೂರಿದರೆ ನನ್ನನ್ನೇ ಎತ್ತಿ ಗೋಡೆಗೆ ಒಗೆಯುತ್ತದೆ! ಆಹಾ, ಎಂಥ ಶಕ್ತಿ! ಇದನ್ನು ದಿಂಬಿನಷ್ಟು ಮಾಡಿ ಕಳಿಸಿದ ಪುಣ್ಯಾತ್ಮನಿಗೆ ಮನಸ್ಸಿನಲ್ಲೇ ಅಡ್ಡಬಿದ್ದೆ. ಹೆಂಡತಿ ಬಗ್ಗುವಂತಿಲ್ಲ. ಗಾಳಿ ಹೊರಹೋಗಬೇಕಾದರೆ ಮೇಲೊಂದು ಭಾರ ಬೇಕು. ಇಬ್ಬರ ಕಣ್ಣೂ ಒಟ್ಟಿಗೇ ಅತ್ತೆಯವರ ಮೇಲೆ ಬಿತ್ತು. ಅತ್ತೆಯವರ ತೂಕದ ಬಗ್ಗೆ ನಾನು ಏನೂ ಬರೆಯುವುದಿಲ್ಲ. ಅವರಿಗೆ ಓದುವ ಅಭ್ಯಾಸವಿದೆ.

ಹಾಸಿಗೆ ಕೊಳೆಯಾಗದಿರಲೆಂದು ಒಗೆದ ಚಾದರ ಹಾಸಿ, ಅವರನ್ನು ಒಂದು ತುದಿಯಲ್ಲಿ ಕೂರಿಸಿದೆವು. ನಾನು ಎದುರು ತುದಿಯಿಂದ ಸುತ್ತುತ್ತಾ ಬಂದೆ. ಗಾಳಿ ಬುಸುಗುಡುತ್ತಾ ಹೊರಟಿತು. ಬೆವರು ಸುರಿಯಿತು. ಅರ್ಧ ದಾರಿ ಬಂದಾಗ ಸುರುಳಿ ನನ್ನೆದೆಯಷ್ಟು ಎತ್ತರವಾಗಿ, ಆಚೆಗಿದ್ದ ಅತ್ತೆ ಕಾಣದಾದರು.

"ಅತ್ತೇ, ಸ್ವಲ್ಪ ಆ ಕಡೆ ಸರೀತೀರಾ?" ಎಂದೆ. ಆ ತುದಿ ಅಲುಗಲಿಲ್ಲ. ಸುರುಳಿಯ ಮೇಲಿಂದ ಕತ್ತು ಚಾಚಿ ಇಣುಕಿದೆ.

ಅತ್ತೆ ಮಲಗಿದ್ದರು. ಕನ್ನಡಕ ಒಂದು ಕಿವಿಗೆ ಜಾರಿತ್ತು. ಅಂಗೈ ಕೆನ್ನೆಯ ಕೆಳಗಿತ್ತು. ಚಿಂತೆಯಿಲ್ಲದವರಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತಾರೆ. ಇವರಿಗೆ ಯುದ್ಧಭೂಮಿಯ ನಟ್ಟನಡುವೆ ಬಂದಿತ್ತು. ಹೆಂಡತಿ ಬಂದು ನೋಡಿ ಬಾಯಿಗೆ ಕೈ ಅಡ್ಡ ಹಿಡಿದಳು. ಅವಳ ಕಣ್ಣು ತುಂಬಿತು. ಮೆಲ್ಲಗೆ ಕನ್ನಡಕ ತೆಗೆದಿಟ್ಟು, ಮಗುವನ್ನು ನೋಡಿದ ಹಾಗೆ ತಾಯಿಯನ್ನು ನೋಡುತ್ತಾ ನಿಂತಳು. ನಾನೂ ನಿಂತೆ. ನಿಲ್ಲದೆ ಏನು ಮಾಡಲಿ? ಸುರುಳಿಯನ್ನು ಬಿಟ್ಟರೆ ಅದು ಚಿಮ್ಮಿ ನೇರ ಅತ್ತೆಯವರ ಮೇಲೇ ಹೋಗುತ್ತದೆ! ಎರಡೂ ತೋಳಿಂದ ತಬ್ಬಿಕೊಂಡು ಉಸಿರು ಬಿಗಿಹಿಡಿದೆ.

ಅಷ್ಟರಲ್ಲಿ ಯಾರೋ ಬಾಗಿಲು ತಟ್ಟಿದರು. ಒಯ್ಯುವವನು ಬಂದಿದ್ದ. ಹೆಂಡತಿ ತುಟಿಗೆ ಬೆರಳಿಟ್ಟೇ ಬಾಗಿಲು ತೆರೆದಳು. ಅವನು ಶೂ ಕಳಚಿ ತುದಿಗಾಲಲ್ಲಿ ಒಳಗೆ ಬಂದು, ಮಲಗಿದ ಅತ್ತೆಯನ್ನೂ ಸುರುಳಿ ತಬ್ಬಿದ ನನ್ನನ್ನೂ ಬದಲಿಸಿ ಬದಲಿಸಿ ನೋಡಿದ.

"ಸಾರ್, ಇದು ಬಳಸಿದ ಹಾಗೆ ಆಯ್ತಲ್ಲ?" ಎಂದು ಪಿಸುಗುಟ್ಟಿದ.

ನನ್ನೊಳಗಿನ ಹಕ್ಕಪ್ಪ ಎದ್ದ. ಬಿಚ್ಚುವುದು ಬೇರೆ, ಬಳಸುವುದು ಬೇರೆ ಎಂದು ನಾನೂ ಪಿಸುಮಾತಿನಲ್ಲೇ ವಾದ ಹೂಡಿದೆ. ಅಂಗಡಿಯಲ್ಲೂ ಜನ ಕೂತು ನೋಡುತ್ತಾರಲ್ಲ ಎಂದೆ.

"ಕೂತು ನೋಡ್ತಾರೆ ಸಾರ್. ಗೊರಕೆ ಹೊಡೆದು ನೋಡಲ್ಲ."

ಅದೇ ಹೊತ್ತಿಗೆ ಅತ್ತೆಯವರು ಅವನ ಪರವಾಗಿ ದೀರ್ಘವಾದ ಒಂದು ಗೊರಕೆ ಮಂಡಿಸಿದರು. ಅಂಥ ನೆಮ್ಮದಿಯ ಗೊರಕೆಯನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ. ಮೂವರೂ ತಲೆಬಾಗಿಸಿ ಕೇಳಿದೆವು.

ಮನುಷ್ಯ ಒಳ್ಳೆಯವನು. ಈಗಲೇ ಎಬ್ಬಿಸಿದರೆ ತಾನು ಏನೂ ನೋಡಲಿಲ್ಲವೆಂದುಕೊಂಡು ಒಯ್ಯುವುದಾಗಿ ಹೇಳಿದ. ಇಂದು ಬಿಟ್ಟರೆ ಗಡುವು ಮುಗಿಯಿತು. ನೋಡಿ, ಜಯ ಅಂಗೈಯಲ್ಲಿತ್ತು! 'ಅತ್ತೇ' ಎಂದು ಒಂದು ಸಲ ಕೂಗಿದರೆ ಸಾಕು, ಹೆಂಡತಿಗೆ ಗಟ್ಟಿ ಹಾಸಿಗೆ. ಆದರೆ ಬೆಕ್ಕಿನ ಕೊರಳಿಗೆ ಗಂಟೆ ಕಟ್ಟುವವರು ಯಾರು? ಇಡೀ ಕಂಪನಿಯನ್ನು ಮಣಿಸಿದ ನನ್ನ ನಾಲಿಗೆ ಏಳಲಿಲ್ಲ. ಹೆಂಡತಿಯತ್ತ ನೋಡಿದೆ. ಅವಳು ಒಂದು ಕೈಯಿಂದ ಸೊಂಟ ಒತ್ತಿಕೊಂಡೇ ಬೇಡವೆಂದು ತಲೆಯಾಡಿಸಿದಳು.

"ಮಲಗಲಿ ಬಿಡಿ," ಎಂದಳು. "ಎಷ್ಟು ತಿಂಗಳಾಯ್ತೋ."

ಅವನೂ ನಾನೂ ಸೇರಿ ಸುರುಳಿಯನ್ನು ಎಣ್ಣೆ ತುಂಬಿದ ಬಟ್ಟಲಿನಂತೆ ಹಿಡಿದು ಇಷ್ಟಿಷ್ಟೇ ಬಿಚ್ಚಿದೆವು. ಅತ್ತೆ ಮಿಸುಕಲಿಲ್ಲ. ಅವನು ಶೂ ಕೈಯಲ್ಲಿ ಹಿಡಿದುಕೊಂಡೇ ಮೆಟ್ಟಿಲಿಳಿದ. ನನ್ನ ಹಕ್ಕೂ ಅವನ ಹಿಂದೆಯೇ ಇಳಿದುಹೋಯಿತು.

ದೀಪ ಹಚ್ಚುವ ಹೊತ್ತಿಗೆ ಅತ್ತೆ ಕಣ್ಣುಬಿಟ್ಟು, "ಅಳಿಯಂದ್ರೇ, ಸುತ್ತಿ ಆಯ್ತಾ?" ಎಂದರು.

ಮೋಡ ಅತ್ತೆಯವರ ಕೋಣೆ ಸೇರಿತು. ಅವರ ಕಲ್ಲುಹಾಸಿಗೆ ನಮ್ಮ ಮಂಚಕ್ಕೆ ಬಂತು. ಡಾಕ್ಟರು ಹುಡುಕಿ ಎಂದದ್ದು ಪಕ್ಕದ ಕೋಣೆಯಲ್ಲೇ ಇತ್ತೆಂದು ಯಾರಿಗೆ ಗೊತ್ತಿತ್ತು? ಕೆಲವೇ ದಿನಗಳಲ್ಲಿ ನನ್ನವಳು ನೆಟ್ಟಗೆ ನಿಂತಳು. ಅತ್ತೆಯವರ ಕಣ್ಣ ಕೆಳಗಿನ ಕಪ್ಪು ಮಾಯವಾಯಿತು. ನಾನು ಮಾತ್ರ ಎಡಕ್ಕೆ ತಿರುಗಿದರೆ ಎಡಪಕ್ಕೆ, ಬಲಕ್ಕೆ ತಿರುಗಿದರೆ ಬಲಪಕ್ಕೆ ಹಿಡಿದುಕೊಂಡು, ಒಂದು ಬೆಳಗ್ಗೆ ಕಾಫಿ ಕುಡಿಯುತ್ತಾ ಹೆಂಡತಿಯ ಮುಂದೆ ಗಂಭೀರವಾಗಿ ವಾದ ಮಂಡಿಸಿದೆ. ಈ ಹತ್ತಿಯ ಬಂಡೆ ನನಗೆ ಒಗ್ಗುತ್ತಿಲ್ಲ, ಕಣ್ಣಿಗೆ ಚೂರೂ ನಿದ್ದೆ ಹತ್ತುತ್ತಿಲ್ಲ, ಇದನ್ನು ಬದಲಿಸಿಕೊಡೆಂದು ಕೇಳುವ ಹಕ್ಕು ನನಗಿದೆ ಎಂದೆ.

ಹೆಂಡತಿ ತಾಯಿಯ ಕಡೆ ನೋಡಿದಳು. ಅತ್ತೆ ಲೋಟ ಕೆಳಗಿಟ್ಟು, ನಡುರಾತ್ರಿ ನೀರು ಕುಡಿಯಲೆದ್ದಾಗ ಗೋಡೆಯಾಚೆಗೂ ಕೇಳಿಸಿತು ಎಂದು ಸಾಕ್ಷಿ ನುಡಿದರು.

"ಬಿಚ್ಚಿ ನೋಡಿದ್ರೆ ಪರವಾಗಿರಲಿಲ್ಲ," ಎಂದಳು ನನ್ನವಳು, ಸೊಂಟ ನೆಟ್ಟಗೆ ಮಾಡಿಕೊಂಡು. "ನೀವು ಗೊರಕೆ ಹೊಡೆದು ನೋಡಿಬಿಟ್ಟಿದ್ದೀರಿ. ವಾಪಸ್ಸಿಲ್ಲ ರೀ."