ಡಿಜೆ ದೊಡ್ಡಾಂವೋ, ಬೈದಾಕಿ ದೊಡ್ಡಾಕಿಯೋ

ಟಂಟಂ ಆಟೋ ಓಡಿಸುವವನು ನಗುವ ಮಾತು ಹುಡುಕಿಕೊಂಡು ಹೋಗಬೇಕಾಗಿಲ್ಲ. ಹಿಂದಿನ ಸೀಟು ತುಂಬಿದರೆ ಸಾಕು, ಅದೇ ಬಂದು ಕೂಡುತ್ತದೆ. ಬಾಡಿಗೆನೂ ಕೊಡುವುದಿಲ್ಲ.

ನಾನು ಕುಕನೂರಿನಿಂದ ಯಲಬುರ್ಗಾಕ್ಕೆ ಓಡಿಸುತ್ತೇನೆ. ಒಮ್ಮೊಮ್ಮೆ ಕೊಪ್ಪಳಕ್ಕೆ. ಈಗ ಭಾಳ ದಿನದಿಂದ ನನ್ನ ಗಾಡಿಯಲ್ಲಿ ಒಂದೇ ವಾದ. ಕುಷ್ಟಗಿಯ ಡಿಜೆ ಹುಡುಗನಿಗೆ ಇಷ್ಟು ಹೆಸರು ಬಂದದ್ದು ಸರಿಯೋ ತಪ್ಪೋ? ಅವನು ಹಾಡುವುದಿಲ್ಲ, ಬಾರಿಸುವುದಿಲ್ಲ. ಕಂಪ್ಯೂಟರಿನಲ್ಲಿ ಹಾಡು ಕೂಡಿಸಿ, ಕುಣಿಯುವ ಬೀಟ್ ಹಾಕಿ, ಟ್ರ್ಯಾಕ್ಟರಿನ ಮ್ಯಾಲೆ ಸ್ಪೀಕರ್ ಡಬ್ಬಿ ಪೇರಿಸಿ ಮೆರವಣಿಗೆಯಲ್ಲಿ ಹಚ್ಚುತ್ತಾನೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ನಾಲ್ಕೂ ಕಡೆ ಮದುವೆಯವರು ಸ್ವಾಮಿಗಳ ಹತ್ತಿರ ಮುಹೂರ್ತ ಕೇಳುವ ಮೊದಲು ಇವನ ಹತ್ತಿರ ತಾರೀಖು ಕೇಳುತ್ತಾರೆ.

ಅವನಿಗೆ ಹೆಸರು ತಂದ ಹಾಡಿನ ನಡುವೆ ಒಬ್ಬ ಹೆಣ್ಣುಮಗಳು ಬೈಯುತ್ತಾಳೆ. ಆಕಿ ನನ್ನ ಹೆಂಡತಿ. ತೀರಿಕೊಂಡು ಎರಡು ವರ್ಷ ಆಯಿತು. ಮನೆಯಲ್ಲಿ ಫೋಟೋ ಇದೆ, ಮಾತಾಡುವುದಿಲ್ಲ. ನನ್ನದು ಬಟನ್ ಫೋನು, ಅದರಲ್ಲಿ ಏನೂ ಇಲ್ಲ. ಆಕಿ ದನಿ ಉಳಿದದ್ದು ಆ ಹಾಡಿನಲ್ಲಿ ಮಾತ್ರ. ಅದಕ್ಕೆ ಗಾಡಿಯಲ್ಲಿ ಹಚ್ಚುತ್ತೇನೆ. "ಸತ್ತವರ ದನಿ ಹಂಗ ಹಚ್ಚಬಾರದಪಾ" ಅನ್ನುವವರು ಭಾಳ ಮಂದಿ. ಅವರಿಗೆ ಒಂದೇ ಉತ್ತರ: "ಬ್ಯಾಡಾದ್ರ ಇಳೀರಿ. ಹಿಂದ ಇನ್ನೊಂದು ಟಂಟಂ ಬರಾಕತ್ತೈತಿ. ಅದರಾಗೂ ಇದ ಹಾಡ ಐತಿ."

ಎಮ್ಮಿ ಸಲುವಾಗಿ

ಆಕಿ ಇದ್ದಾಗಿನ ಮಾತು, ನಮ್ಮ ಓಣಿಯಲ್ಲಿ ಮದುವೆ ಇತ್ತು. ಡಿಜೆ ಟ್ರ್ಯಾಕ್ಟರ್ ಸೀದಾ ನಮ್ಮ ಮನಿ ಮುಂದೆ ಬಂದು ನಿಂತಿತು. ಸಂಜೀ ಹೊತ್ತು, ಎಮ್ಮಿ ಹಿಂಡುವ ಹೊತ್ತು. ಡಬ್ಬಿ ಸಪ್ಪಳಕ್ಕೆ ತಗಡು ಗಡಗಡ ಅಂದವು. ಎಮ್ಮಿ ಒಂದು ಹನಿ ಹಾಲು ಬಿಡಲಿಲ್ಲ.

ಆಕಿ ಬಕೀಟು ಹಿಡಿದುಕೊಂಡು ಹೊರಗೆ ಹೋದಳು. ಕುಣಿಯುವವರನ್ನೆಲ್ಲ ಸರಿಸಿ ಟ್ರ್ಯಾಕ್ಟರಿನ ಬುಡಕ್ಕೆ ನಿಂತಳು. ಡಿಜೆ ಹುಡುಗ ಕೈಯಲ್ಲಿ ಮೈಕು ಹಿಡಿದು ಬಗ್ಗಿ, "ಏನ್ರೀ ಅಕ್ಕಾರ?" ಅಂದ. ಮೈಕು ಚಾಲೂ ಇತ್ತು.

"ಏ ಹುಚ್ಚಪ್ಯಾಲಿ, ಬಂದ್ ಮಾಡೋ!"

ಅಷ್ಟೂ ಡಬ್ಬಿಯಲ್ಲಿ ಊರಿಗೆಲ್ಲ ಕೇಳಿತು. ಅವನ ಕಂಪ್ಯೂಟರಿನಲ್ಲೂ ಉಳಿಯಿತು. ಒಂದು ತಿಂಗಳಿಗೆ ಹಾಡಾಗಿ ಬಂತು. ಬೀಟ್ ಏರುತ್ತ ಏರುತ್ತ ಹೋಗುತ್ತದೆ. ಆಕಿ ಬೈಯುತ್ತಾಳೆ. ಒಂದು ಉಸಿರಿನಷ್ಟು ಹೊತ್ತು ಎಲ್ಲ ಗಪ್ ಚುಪ್. ಆಮ್ಯಾಲೆ ಡಬ್ಬಿ ಒಡೆಯುವಂಗೆ ಬೀಟ್ ಬೀಳುತ್ತದೆ. ಜನ ಹುಚ್ಚೆದ್ದು ಕುಣಿಯುತ್ತಾರೆ.

"ನನ್ನ ಕೇಳದ ಹಾಕ್ಯಾನ. ಸಿಗಲಿ, ಕಿವಿ ಹಿಂಡತೀನಿ" ಅಂದಳು ಆಕಿ. ಸಂತೆಗೆ ಹೋದಳು. ಕಾಯಿಪಲ್ಲೆ ಮಾರುವಾಕಿ "ಬಂದ್ ಅಕ್ಕ ಬಂದಾಳ್ರೋ" ಅಂತ ಕೂಗಿ ಒಂದು ಸೂಡು ಕೊತ್ತಂಬರಿ ಹಾಗೇ ಕೊಟ್ಟಳಂತೆ. ಮನಿಗೆ ಬಂದು ನನಗೆ ಹೇಳಿದಳು: "ಇನ್ನೊಮ್ಮೆ ಹಚ್ಚ್ರಿ. ಬೈದದ್ದು ನೆಟ್ಟಗ ಬಂದೈತೇನು ನೋಡೂಣು."

ಟಂಟಂ ಬಾಗಿಲಿಗೆ ನಿಲ್ಲಿಸಿ, ಪೆನ್‌ಡ್ರೈವಿನ ಹಾಡು ಹಚ್ಚಿ ದಿನಾ ನೋಡಿದೆವು. ಹಾಲು ಹಿಂಡುವಾಗಲೇ ನೋಡಿದೆವು. ಕಡೆಗೆ ಏನಾಯಿತು ಅಂದರೆ, ಆ ಹಾಡು ಹಚ್ಚದಿದ್ದರೆ ಎಮ್ಮಿ ಹಾಲು ಬಿಡುವುದನ್ನೇ ನಿಲ್ಲಿಸಿತು. ಡಿಜೆಗೆ ಎಷ್ಟು ಸಾವಿರ ಅಭಿಮಾನಿಗಳು ಇದ್ದಾರೋ ನನಗೆ ಗೊತ್ತಿಲ್ಲ. ಮೊದಲನೇದು ನಮ್ಮ ಎಮ್ಮಿ.

ಮಿಕ್ಸ್

ಒಂದು ದಿನ ಇಬ್ಬರು ಕಾಲೇಜು ಹುಡುಗರು ಗಾಡಿ ಹತ್ತಿದರು. ಒಬ್ಬ ಕೊಪ್ಪಳದವ, ಒಬ್ಬ ಗಂಗಾವತಿಯವ. ಅವರ ನಡುವೆ ಒಬ್ಬ ಮುದುಕಿ, ತೊಡಿ ಮ್ಯಾಲೆ ಸಂತಿ ಚೀಲ.

ಗಂಗಾವತಿ ಹುಡುಗ ಸುರು ಮಾಡಿದ. "ಏನ್ ಮಾಡತಾನಲೇ ಅವ? ಬರೇ ಬಟನ್ ಒತ್ತತಾನ."

ಕೊಪ್ಪಳದವನಿಗೆ ಸಿಟ್ಟು ಬಂತು. "ನೀನೂ ಒತ್ತಲೇ ಹಂಗಾರ. ನೀ ಒತ್ತಿದ್ರ ನಿಮ್ಮವ್ವನೂ ಕುಣಿಯಂಗಿಲ್ಲ."

"ಮಂದಿ ಹಾಡ, ಮಂದಿ ಬೀಟು, ಮಂದಿ ಬೈಗಳ. ಇವಂದೇನೈತಿ?"

"ಮಿಕ್ಸ್ ಇವಂದು! ಮಿಕ್ಸ್ ಮಾಡೂದು ಸಣ್ಣ ಕೆಲಸಲ್ಲ."

ಮುದುಕಿ ಅಷ್ಟೊತ್ತು ಆ ಕಡೆ ಈ ಕಡೆ ಮುಖ ತಿರುವಿ ಕೇಳಿದಳು. ಆಮೇಲೆ ಕೊಪ್ಪಳದವನ ತೊಡಿ ತಟ್ಟಿ ಹೇಳಿದಳು: "ತಮ್ಮಾ, ನಮ್ಮನಿ ಮಿಕ್ಸಿನೂ ಅಷ್ಟ ಸಪ್ಪಳ ಮಾಡತೈತಿ. ಆದ್ರ ಕಡೀಕ ಚಟ್ನಿಯರ ಬರತೈತಿ."

ಇಟಗಿ ಮಾಸ್ತರ್ರು

ನಿವೃತ್ತಿ ಆದ ಮಾಸ್ತರರೊಬ್ಬರು ಇಟಗಿ ಕಡೆಯವರು. ಹಾಡು ಹತ್ತಿದ ಕೂಡಲೇ ಕಿವಿ ಮುಚ್ಚಿಕೊಂಡರು. "ನಮ್ಮೂರ ಗುಡಿ ನೋಡ್ರಿ. ಎಂಥಾ ಕೆತ್ತನಿ! ಕಟ್ಟಿದವರ ಹೆಸರ ಹಿಡದು ಇವತ್ತ ಯಾರರ ಕೂಗತಾರೇನು? ಈ ಹುಡುಗಗ ನೋಡಿದ್ರ ಬ್ಯಾನರ್, ಹಾರ, ಕ್ರೇನಿನಾಗ ಸೇಬಿನ ಮಾಲಿ!"

ಮುಂದೆ ನನ್ನ ಬಾಜೂ ಕುಂತಿದ್ದ ಗೌಂಡಿ, ಮನಿ ಕಟ್ಟುವವ, ಹಿಂದೆ ತಿರುಗಿದ. ಅವನು ಡಿಜೆಯ ಕಟ್ಟಾ ಅಭಿಮಾನಿ. "ಸರ, ಆ ಗುಡಿ ಕಟ್ಟುವಾಗ ಕಲ್ಲ ಕೆತ್ತೂ ಸಪ್ಪಳ ಆಗಿರಲಿಲ್ಲೇನ್ರಿ?"

"ಆಗಿರಬೇಕು."

"ಎಷ್ಟ ವರ್ಷ ಆಗಿರಬೇಕ್ರಿ?"

"ಭಾಳ ವರ್ಷ."

"ಹಂಗಾರ ಆಗ ಬಾಜೂ ಮನಿಯಾಗ ಎಮ್ಮಿ ಹಾಲ ಕೊಟ್ಟಿರಾಕಿಲ್ಲ ಬಿಡ್ರಿ ಸರ. ಯಾವಾಕಿನೋ ಒಬ್ಬಾಕಿ ಬಂದು ಬೈದಿರತಾಳ. ಅದನ್ನೂ ಕೆತ್ತಿಟ್ಟಿದ್ರ ಇವತ್ತ ಅವರ ಹೆಸರ ಕೂಗತಿದ್ರು."

ಯಲಬುರ್ಗಾದಲ್ಲಿ ಇಬ್ಬರೂ ಇಳಿದರು. ಗೌಂಡಿ ಅತ್ತ ಹೋದ ಮ್ಯಾಲೆ ಮಾಸ್ತರರು ನನ್ನ ಕಡೆ ಬಗ್ಗಿ ಕೇಳಿದರು: "ಆ ಗೌಂಡಿ ನನ್ನ ಕಡೆ ಸಾಲಿ ಕಲಿತವನೇನು?"

ನಾನು "ಇಲ್ರೀ" ಅಂದೆ.

"ಅದಕ್ಕ ತಲಿ ಓಡತೈತಿ" ಅಂದರು.

ಶಾಂತಿ

ನನ್ನ ಅಳಿಯ, ಅಂದರೆ ಆಕಿ ತಮ್ಮ, ಕೊಪ್ಪಳದಲ್ಲಿ ಸರಕಾರಿ ಆಫೀಸಿನಲ್ಲಿ ಜವಾನ. ಆಕಿ ಹೋಗಿ ಆರು ತಿಂಗಳಾಗಿತ್ತು. ಮನಿಗೆ ಬಂದು ಎದುರಿಗೆ ಕುಂತ. ನನಗೆ ಬುದ್ಧಿ ಹೇಳಲು ಬಂದಿದ್ದ.

"ಮಾಮಾ, ಆ ಹಾಡ ಹಚ್ಚೂದು ಬಿಡು. ಅಕ್ಕನ ಜೀವಕ್ಕ ಶಾಂತಿ ಇರಂಗಿಲ್ಲ."

"ಇದ್ದಾಗ ನಿಮ್ಮಕ್ಕ ಶಾಂತಿಲೇ ಕುಂತದ್ದು ನೀ ನೋಡಿಯೇನು?"

"ಅದಲ್ಲ ಮಾಮಾ. ಮಂದಿ ಏನಂದಾರು? ಆಕಿ ಸತ್ತಾಳ, ಇವರು ಕುಣ್ಯಾಕತ್ಯಾರ ಅಂತಾರ. ಹಾಡಿನಾಗಿಂದ ಆಕಿನ್ನ ತಗದ್ಹಾಕು ಅಂತ ಆ ಡಿಜೆಗೆ ನೀನ ಹೇಳು."

"ಹೇಳಂಗಿಲ್ಲ."

"ಮಾಮಾ, ಸ್ವಲ್ಪರ..."

"ಹೇಳಂಗಿಲ್ಲ ಅಂದ್ರ ಇಲ್ಲ. ಚಾ ಕುಡದು ನಡಿ."

ಅವನು ಚಾ ಎತ್ತಿದ. ಅವನ ಕಿಸೆಯಲ್ಲಿ ಫೋನು ಬಡಿಯಿತು. "ಏ ಹುಚ್ಚಪ್ಯಾಲಿ, ಬಂದ್ ಮಾಡೋ!"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಅವನಿಗೆ ಚಾ ಗಂಟಲಿಗೆ ಹತ್ತಿತು. ಕೆಮ್ಮಿ ಕೆಮ್ಮಿ ಹೇಳಿದ: "ಎಲ್ಲಾರಿಗೂ ಇಟ್ಟಿಲ್ಲ ಮಾಮಾ. ನಮ್ಮ ಸಾಹೇಬ್ರು ಫೋನ್ ಮಾಡಿದಾಗ ಅಷ್ಟ ಬರತೈತಿ."

ಕುಷ್ಟಗಿಯಲ್ಲಿ

ಈಚೆಗೆ ವಾದ ಕೈಮೀರಿತು. ಹುಡುಗರು ಮೊಬೈಲಿನಲ್ಲಿ ಎರಡು ಗುಂಪು ಮಾಡಿಕೊಂಡರು. ಒಂದು ಗುಂಪಿಗೆ ಡಿಜೆನೇ ದೇವರು. ಇನ್ನೊಂದು ಗುಂಪು ಹಗಲೆಲ್ಲ ಒಂದೇ ಮಾತು ಬರೆಯಿತು: "ಬಂದ್ ಅಕ್ಕ ಇಲ್ಲಂದ್ರ ಇವ ಸೊನ್ನಿ." ಅದು ಅವನ ಮನಸಿಗೆ ನಟ್ಟಿತು. ಅಕ್ಕನನ್ನು ಹಾಡಿನಿಂದ ತೆಗೆಯುತ್ತಾನಂತೆ ಅಂತ ಸುದ್ದಿ ಬಂತು.

ನನ್ನ ಪೆನ್‌ಡ್ರೈವಿನಲ್ಲಿ ಹಳೇ ಹಾಡು ಇದ್ದೇ ಇರುತ್ತದೆ. ಆದರೆ ಅಲ್ಲಿದ್ದರೆ ಆಕಿ ನನಗೊಬ್ಬನಿಗೆ. ಮೆರವಣಿಗೆಯಲ್ಲಿದ್ದರೆ ಊರೂರಿಗೆ ಇರುತ್ತಾಳೆ. ಎಲ್ಲಿ ಹೋದರೂ ಯಾವ ಓಣಿಯಿಂದಲೋ ಬೈಯುತ್ತಾಳೆ. ಅದು ಹೋಗುವುದು ನನಗೆ ಬೇಕಾಗಿರಲಿಲ್ಲ. ಟಂಟಂ ಹಚ್ಚಿ ಸೀದಾ ಕುಷ್ಟಗಿಗೆ ಹೋದೆ.

ಹುಡುಗ ಮನಿಯಲ್ಲಿದ್ದ. ಕೊರಳಲ್ಲಿ ಹೆಡ್‌ಫೋನು, ಮುಖದಲ್ಲಿ ನಿದ್ದಿ ಇಲ್ಲ.

"ಕಾಕಾ, ಸಿಟ್ಟಾಗಬ್ಯಾಡ್ರಿ. ಆ ಬೀಟಿಗೆ ನಾ ಹದಿನೈದು ದಿನ ಕುಂತೀನಿ. ಅದನ್ನ ಯಾರೂ ಕೇಳವಲ್ರು. ಎಲ್ಲಾರೂ ಅಕ್ಕನ ಬೈಗಳ ಕೇಳಾಕ ಬರತಾರ."

"ನಾ ಇಪ್ಪತ್ತೆಂಟ ವರ್ಷ ಆಕಿ ಬಾಜೂ ಕುಂತಿದ್ದೆ" ಅಂದೆ. "ನನ್ನೂ ಯಾರೂ ಕೇಳಲಿಲ್ಲ. ನಾ ಏನರ ಆಕಿನ್ನ ಮನಿಯಿಂದ ತಗದಿದ್ನೇನು?"

ಅವನಿಗೆ ನಗು ಬಂತು. ಆದರೂ ಹಟ ಬಿಡಲಿಲ್ಲ. "ಗಂಗಾವತಿ ಆಚೆ ಸಿದ್ದಾಪುರದಾಗ ಮದುವಿ ಐತ್ರಿ. ಅಲ್ಲೆ ಅಕ್ಕನ್ನ ಬಿಟ್ಟು ಹಚ್ಚತೀನಿ. ಜನ ಕುಣಿದ್ರ ಹೆಸರ ನಂದು, ಅಕ್ಕ ಹಾಡಿನಾಗ ಇರಂಗಿಲ್ಲ. ಕುಣೀಲಿಲ್ಲಂದ್ರ ಅಕ್ಕ ಇರತಾಳ, ನಾ ಸೋತೆ."

ಒಳಗಿಂದ ಅವನ ತಾಯಿ ಚಾ ತಂದಳು. ಎಲ್ಲ ಕೇಳಿಸಿಕೊಂಡಿದ್ದಳು. ಕಪ್ಪು ನನ್ನ ಕೈಗೆ ಕೊಟ್ಟು ಮಗನ ಕಡೆ ತಿರುಗಿದಳು: "ಅಲ್ಲೋ, ಹುಟ್ಟಿದಾಗಿಂದ ನಿನಗ ನಾ ಬೈಯಾಕತ್ತೀನಿ. ಒಂದ ಸಲಾನರ ನನ್ನ ಹಾಡಿನಾಗ ಹಾಕಿಯೇನು?"

ಸಿದ್ದಾಪುರದ ಮೆರವಣಿಗೆ

ಆ ಮದುವೆಗೆ ನನ್ನನ್ನು ಯಾರೂ ಕರೆದಿರಲಿಲ್ಲ. ಹೋದೆ. ಟಂಟಂ ಮನಿಯಲ್ಲಿ ಬಿಟ್ಟು, ಗಂಗಾವತಿಗೆ ಬಸ್ಸು, ಅಲ್ಲಿಂದ ಮುಂದೆ ಇನ್ನೊಂದು ಬಸ್ಸು. ಕಾಲುವೆ ನೀರಿನ ಸೀಮೆ, ಎಲ್ಲಿ ನೋಡಿದರೂ ಭತ್ತ, ಅರ್ಧ ಮಂದಿ ತೆಲುಗು ಮಾತಾಡುವವರು. ಮಧ್ಯಾಹ್ನ ಮೂರಕ್ಕೆ ಮೆರವಣಿಗೆ ಹೊರಟಿತು. ಎರಡೂ ಗುಂಪಿನ ಹುಡುಗರು ಬಂದಿದ್ದರು. ಡಿಜೆಯ ಗುಂಪು ಎಡಕ್ಕೆ, ಅಕ್ಕನ ಗುಂಪು ಬಲಕ್ಕೆ, ನಡುವೆ ಮದುಮಗ. ಮದುಮಗನನ್ನು ಯಾರೂ ನೋಡುತ್ತಿರಲಿಲ್ಲ.

ಜನರೇಟರ್ ಹಿಂದಿನ ಗಾಡಿಯಲ್ಲಿತ್ತು. ನಡೆಸುವವನು ಹೊಸಬ, ತೆಲುಗು ಸೀಮೆಯವ. ಕೆಲಸಕ್ಕೆ ಬಂದು ಎರಡೇ ದಿನ ಆಗಿತ್ತು. ಆ ಹಾಡು ಅವನು ಕೇಳಿದವನಲ್ಲ. ಕನ್ನಡದಲ್ಲಿ ಅವನಿಗೆ ಎರಡೇ ಮಾತು ಬರುತ್ತಿದ್ದವು. ಚಾಲೂ, ಬಂದ್.

ಡಿಜೆ ಹಾಡು ಹಚ್ಚಿದ. ಸುಳ್ಳು ಯಾಕೆ ಹೇಳಲಿ, ಬೀಟ್ ಛಲೋ ಇತ್ತು. ಜನ ಕುಣಿದರು. ನನ್ನ ಕಾಲೂ ಅಲ್ಲಾಡಿತು. ಕಾಲಿಗೆ ಬೈದುಕೊಂಡೆ. ಬೀಟ್ ಏರಿತು, ಇನ್ನೂ ಏರಿತು. ಎಲ್ಲರ ಕೈ ಮ್ಯಾಲೆ ಹೋದವು. ಆಕಿ ಬೈಯುವ ಜಾಗ ಬಂತು.

ಆಕಿ ಬೈಯಲಿಲ್ಲ.

ಬೀಟ್ ಬಿತ್ತು. ಯಾರೂ ಕುಣಿಯಲಿಲ್ಲ. ಎತ್ತಿದ ಕೈ ಎತ್ತಿದಂಗೇ ಇದ್ದವು. ಸೆಲ್ಲೆ ಹೊದ್ದ ಒಬ್ಬ ಯಜಮಾನ ಆ ಕಡೆ ಈ ಕಡೆ ಹುಡುಕಿ, "ಆಯಮ್ಮ ಏದಿ?" ಅಂದ. ಆಯಮ್ಮ ಎಲ್ಲಿ ಅಂತ. ಅಷ್ಟರಲ್ಲಿ ಎಡಗಡೆಯವರು, ಬಲಗಡೆಯವರು, ಬೀಗರು, ಕಡೆಗೆ ಮದುಮಗನೂ ಕೂಡಿ ಗಂಟಲು ಹರಿಯುವಂಗೆ ಕೂಗಿದರು.

"ಏ ಹುಚ್ಚಪ್ಯಾಲಿ, ಬಂದ್ ಮಾಡೋ!"

ಜನರೇಟರ್ ಮನುಷ್ಯ ಬೆಚ್ಚಿಬಿದ್ದು ಬಂದ್ ಮಾಡಿದ.

ಡಬ್ಬಿ ಸತ್ತವು. ಕಂಪ್ಯೂಟರಿನ ಮುಂದೆ ಡಿಜೆ ಸುಮ್ಮನೆ ಬಟನ್ ಒತ್ತುತ್ತ ನಿಂತ. ಬಲಗಡೆಯಿಂದ ಒಬ್ಬ ಕೂಗಿದ: "ನೋಡಿದ್ರೇನ್ಲೇ? ಅಕ್ಕ ಇಲ್ಲಂದ್ರ ಕರೆಂಟೂ ಇಲ್ಲ!"

ಡಿಜೆ ಮಂದಿಯ ನಡುವೆ ನನ್ನನ್ನು ಕಂಡ. ಆಮೇಲೆ ಬಾಯಿಯ ಎರಡೂ ಕಡೆ ಕೈ ಹಿಡಿದು ಕೂಗಿದ: "ಕಾಕಾ, ಅಕ್ಕ ಇರತಾಳ್ರಿ!" ಎರಡೂ ಗುಂಪು ಸೀಟಿ ಹೊಡೆದವು.

ಜನರೇಟರ್ ಚಾಲೂ ಆಯಿತು. ಹಳೇ ಹಾಡು ಹಚ್ಚಿದ. ಬೀಟ್ ಏರಿತು. ನಾನು ಕಣ್ಣು ಮುಚ್ಚಿಕೊಂಡೆ. ಅಷ್ಟೂ ಡಬ್ಬಿಯಲ್ಲಿ ಆಕಿ ದನಿ ಬಂತು, ನಮ್ಮ ಬಾಗಿಲಲ್ಲಿ ನಿಂತು ಬೈದಂಗೆ.

"ಏ ಹುಚ್ಚಪ್ಯಾಲಿ, ಬಂದ್ ಮಾಡೋ!"

ಎಲ್ಲ ಗಪ್. ಜನ ಕೈ ಎತ್ತಿ ಕಾದರು. ಒಂದು ಉಸಿರು ಆಯಿತು, ಎರಡಾಯಿತು. ಬೀಟ್ ಬೀಳಲಿಲ್ಲ. ನಾನು ಕಣ್ಣು ತೆರೆದೆ. ಜನರೇಟರ್ ಮತ್ತೆ ಬಂದ್ ಆಗಿತ್ತು.

ಡಿಜೆ ಟ್ರ್ಯಾಕ್ಟರಿನಿಂದ ಜಿಗಿದು ಹಿಂದಕ್ಕೆ ಓಡಿದ. ಎರಡೂ ಗುಂಪು ಅವನ ಹಿಂದೆ ಓಡಿದವು. ನಾನೂ ಓಡಿದೆ. "ಏ, ಈಗ ಯಾಕ ಬಂದ್ ಮಾಡಿದ್ಯೋ?"

ಆ ಮನುಷ್ಯ ಕೈ ಮುಗಿದುಕೊಂಡು ನಿಂತಿದ್ದ. "ಏಂ ಚೇಸೇದಿ ಸಾರ್? ಆ ಅಮ್ಮ ಅಂತ ಕೋಪಂಗಾ ಬಂದ್ ಅನ್ನಾರು ಕದಾ!" ಏನು ಮಾಡಲಿ, ಆ ತಾಯಿ ಅಷ್ಟು ಸಿಟ್ಟಿನಿಂದ ಬಂದ್ ಅಂದರಲ್ಲ ಅಂತ.

ಹುಡುಗರು ಅವನ ಮೈಮ್ಯಾಲೆ ಹೋದರು. ನಾನು ನಡುವೆ ನಿಂತೆ. "ಅವನ್ನ ಯಾರೂ ಮುಟ್ಟಬ್ಯಾಡ್ರಿ" ಅಂದೆ. "ಆಕಿ ಇಷ್ಟ ವರ್ಷದಿಂದ ಒದರಾಕತ್ಯಾಳ. ನಾಲ್ಕ ತಾಲೂಕಿನಾಗ ಆಕಿ ಮಾತ ಕೇಳಿದ ಗಂಡಸು ಇವನೊಬ್ಬನ."