ಭಾವನ ವಿಮರ್ಶೆ, ಅಕ್ಕನ ಒಂದು ಮಾತು

ನಮ್ಮ ಭಾವನಂಥ ವಿಮರ್ಶಕರು ಟೆಕ್ಸಾಸಿನಲ್ಲಿ ಇನ್ನೊಬ್ಬರಿಲ್ಲ. ಇದ್ದಿದ್ದರೆ ಇಲ್ಲಿನ ಕನ್ನಡಿಗರೆಲ್ಲ ಒಟ್ಟಾಗಿ ಬೇರೆ ರಾಜ್ಯಕ್ಕೆ ಶಿಫ್ಟ್ ಆಗಿರುತ್ತಿದ್ದರು! ಅವರು ವಿಮರ್ಶಿಸುತ್ತಿದ್ದುದು ಕಾದಂಬರಿಯನ್ನಲ್ಲ, ಸಂಗೀತವನ್ನಲ್ಲ. ತಮ್ಮ ಬಾಲ್ಯದ ಕಾಲದ ಒಂದು ಕಪ್ಪು-ಬಿಳುಪು ಟೀವಿ ಧಾರಾವಾಹಿಯನ್ನು. ಅದರಲ್ಲೊಂದು ಅಂತರಿಕ್ಷ ನೌಕೆ. ಅದು ವಾರಕ್ಕೊಂದು ಹೊಸ ಗ್ರಹದಲ್ಲಿ ಇಳಿಯುತ್ತದೆ. ಗ್ರಹ ಯಾವುದಾದರೇನು, ಬಂಡೆಗಳು ಮಾತ್ರ ಹಳೆಯ ರಟ್ಟಿನವೇ.

ಭಾವ ಪೇರ್ಲ್ಯಾಂಡಿನಲ್ಲಿ ನೆಲೆಸಿರುವ ನಿವೃತ್ತ ಅರಿವಳಿಕೆ ವೈದ್ಯರು. ಜೀವಮಾನವೆಲ್ಲ ಜನರನ್ನು ಮಲಗಿಸಿದ ಮೇಲೆ, ಅದೇ ಕೆಲಸವನ್ನು ವಾಟ್ಸ್ಯಾಪಿನಲ್ಲಿ ಮುಂದುವರಿಸಿದರು. ಪ್ರತಿ ಭಾನುವಾರ ಒಂದು ಎಪಿಸೋಡ್ ನೋಡಿ, ಕುಟುಂಬದ ಗುಂಪಿಗೆ ಉದ್ದನೆಯ ವಾಯ್ಸ್ ಮೆಸೇಜ್ ಕಳಿಸುತ್ತಿದ್ದರು.

"ಆ ಹಸಿರು ಪ್ರಾಣಿಗೆ ಇಂಜೆಕ್ಷನ್ ಕೊಟ್ಟು ಮಲಗಿಸಿದ್ರಲ್ಲ, ಅದರ ತೂಕ ಎಷ್ಟು ಅಂತ ಒಬ್ಬನಾದ್ರೂ ನೋಡಿದ್ನಾ?"

ಕಪ್ಪು-ಬಿಳುಪಿನಲ್ಲಿ ಪ್ರಾಣಿ ಹಸಿರೆಂದು ಇವರಿಗೆ ಹೇಗೆ ಗೊತ್ತಾಯಿತು? ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಕೇಳಿದರೆ ಇನ್ನೊಂದು ಮೆಸೇಜ್ ಬರುತ್ತಿತ್ತು.

ಆದರೂ ನನ್ನೂರು ಲಿಯಾಂಡರಿನಲ್ಲಿ ಕುಳಿತು ನಾನು ಅವನ್ನೆಲ್ಲ ಕೊನೆಯವರೆಗೂ ಕೇಳುತ್ತಿದ್ದೆ. ಕಾರಣ, ನಮ್ಮಕ್ಕ. ಭಾವನ ಭಾಷಣ ಮುಗಿಯುವ ಹೊತ್ತಿಗೆ, ಪಕ್ಕದಲ್ಲಿ ಬೀನ್ಸ್ ಬಿಡಿಸುತ್ತಿದ್ದ ಅವಳು ಒಂದೇ ಒಂದು ಮಾತು ಆಡುತ್ತಿದ್ದಳು. ಅದೂ ಮೆಸೇಜಿನಲ್ಲಿ ರೆಕಾರ್ಡ್ ಆಗಿ ಬರುತ್ತಿತ್ತು.

"ಅಷ್ಟು ದೂರ ಹೋಗ್ತಾರೆ, ಒಬ್ರೂ ಸ್ವೆಟರ್ ತಗೊಂಡು ಹೋಗಲ್ಲ."

ಇನ್ನೊಮ್ಮೆ ಎರಡು ಗ್ರಹಗಳ ನಡುವೆ ಘೋರ ಯುದ್ಧ. ಭಾವ ಅದರ ರಾಜಕೀಯವನ್ನೆಲ್ಲ ಬಿಡಿಸಿಟ್ಟ ಮೇಲೆ ಅಕ್ಕ ಅಂದಳು: "ಬಂದವರನ್ನ ಊಟ ಆಯ್ತಾ ಅಂತ ಕೇಳಿದ್ದಿದ್ರೆ ಇಷ್ಟೆಲ್ಲ ಆಗ್ತಾನೇ ಇರ್ಲಿಲ್ಲ." ಆ ವಾರ ಎಲ್ಲರೂ ಮೆಚ್ಚಿದ್ದು ಅದೊಂದನ್ನೇ. ಭಾವ ಎರಡು ದಿನ ಮುನಿಸಿಕೊಂಡಿದ್ದರು.

ಕಳೆದ ವರ್ಷ ಒಂದು ಭಾನುವಾರ ಮಧ್ಯಾಹ್ನ, ಎಪಿಸೋಡಿನ ನಡುವೆಯೇ ಅಕ್ಕ ಸೋಫಾಕ್ಕೆ ಒರಗಿದಳು. ನಿದ್ದೆ ಬಂದಿರಬೇಕೆಂದು ಭಾವ ವಾಲ್ಯೂಮ್ ಕಡಿಮೆ ಮಾಡಿದರು. ಎಷ್ಟೋ ಸಾವಿರ ಜನರ ಉಸಿರನ್ನು ಕಾಯುತ್ತ ಕುಳಿತಿದ್ದ ಮನುಷ್ಯನಿಗೆ ಪಕ್ಕದಲ್ಲೇ ನಿಂತುಹೋದ ಉಸಿರು ತಿಳಿಯಲಿಲ್ಲ.

ಆಮೇಲೆ ಮೆಸೇಜ್‌ಗಳು ನಿಂತವು. ಭಾನುವಾರಗಳು ಇಷ್ಟು ಉದ್ದವೆಂದು ನಮಗೆ ಗೊತ್ತೇ ಇರಲಿಲ್ಲ. ಒಂದು ದಿನ ಡಾಲಸ್‌ನಿಂದ ಅವರ ಮಗಳು ಫೋನ್ ಮಾಡಿದಳು.

"ಮಾಮ, ಅಪ್ಪ ಈಸ್ ನಾಟ್ ಟಾಕಿಂಗ್. ನೀವು ಒಂದ್ಸಲ ಹೋಗಿ ಬರ್ತೀರಾ, ಪ್ಲೀಸ್?"

ನಾನು ಹೊರಟೆ. ಭಾವ ಬಾಗಿಲು ತೆರೆದು, ಹೋಗಿ ಸೋಫಾದ ಒಂದು ತುದಿಯಲ್ಲಿ ಕುಳಿತರು. ಕಾಫಿ ಮಾಡಿ ಕೊಟ್ಟೆ. ಅದು ಆರುವವರೆಗೂ ಹಿಡಿದುಕೊಂಡಿದ್ದರು.

"ಆ ಎಪಿಸೋಡ್ ಅರ್ಧಕ್ಕೇ ನಿಂತಿದೆ," ಅಂದರು.

"ಉಳಿದದ್ದನ್ನ ಇಬ್ರೂ ನೋಡೋಣ ಭಾವ."

"ಅವಳನ್ನ ಬಿಟ್ಟು ನೋಡಿದ್ರೆ ಮೋಸ ಮಾಡಿದ ಹಾಗಾಗುತ್ತೆ ಕಣೋ."

ಹಾಗೆಂದವರು ಕೊನೆಗೆ ತಾವೇ ರಿಮೋಟ್ ತೆಗೆದುಕೊಂಡರು. ನೌಕೆಯ ನಾಯಕನ ತಲೆಯ ಮೇಲೆ ದೊಡ್ಡದೊಂದು ಬಂಡೆ ಉರುಳಿ, ಚೆಂಡಿನ ಹಾಗೆ ಪುಟಿದು ಹೋಯಿತು. ನನಗೆ ನಗು ತಡೆಯಲಾಗಲಿಲ್ಲ. ಭಾವನ ಮೀಸೆಯೂ ಅಲುಗಿತು. ಮರುಕ್ಷಣ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಕೊನೆಗೆ ಎಲ್ಲರೂ ಭೂಮಿಗೆ ಮರಳಿದರು. ಟೀವಿ ಆರಿತು.

ನಾನು ಕೇಳಿದೆ: "ಅಕ್ಕ ಇದ್ದಿದ್ರೆ ಇದಕ್ಕೆ ಏನಂತಿದ್ಲು ಭಾವ?"

ಅವರು ಆರಿದ ಟೀವಿಯತ್ತಲೇ ನೋಡಿದರು. ನಿಜವಾಗಿಯೂ ಉತ್ತರ ಹುಡುಕುತ್ತಿದ್ದರು.

"ಗೊತ್ತಿಲ್ಲ ಕಣೋ. ಇಷ್ಟು ವರ್ಷ ಜೊತೇಲಿದ್ದೆ. ಮುಂದೆ ಏನಂತಾಳೆ ಅಂತ ಒಂದು ಸಲಾನೂ ನನಗೆ ಗೊತ್ತಾಗಿದ್ದಿಲ್ಲ. ಅದನ್ನ ಕೇಳೋಕೇ ನಾನು ಅಷ್ಟೊಂದು ಮಾತಾಡ್ತಿದ್ದಿದ್ದು."